ಒಂದು ದೋಸೆಯ ಹೊತ್ತು

ದೂಜಣ್ಣ ಮುಂಬಯಿಯ ಪರೇಲಿನ ಹೋಟೆಲೊಂದರಲ್ಲಿ ಮೂವತ್ತೊಂದು ವರ್ಷ ದೋಸೆ ಹುಯ್ದವರು. ಇಷ್ಟು ದುಡಿದು ಏನು ಗಂಟು ಮಾಡಿದಿರಿ ಎಂದು ಕೇಳಿದರೆ ಲುಂಗಿ ಎತ್ತಿ ಮೊಣಕಾಲು ತೋರಿಸುತ್ತಾರೆ. ಸಂಧಿವಾತಕ್ಕೆ ಈಗ ಎಂಟು ವರ್ಷ. ಅದು ಸಾಲದೆಂದು ಕಳೆದ ಮೇ ತಿಂಗಳಲ್ಲಿ ಹೋಟೆಲಿನ ಒದ್ದೆ ನೆಲದಲ್ಲಿ ಜಾರಿ ತೊಡೆಯ ಮೂಳೆ ಮುರಿದು, ಒಳಗೊಂದು ರಾಡು ಸೇರಿತು. ಆಸ್ಪತ್ರೆಯಿಂದ ಬಂದವರನ್ನು ಕುರ್ಚಿಸಮೇತ ಹೊತ್ತು ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನ ಐದನೇ ಮಾಳಿಗೆಗೆ ತಲುಪಿಸಬೇಕಾಯಿತು. ಹೊರಲು ನಾಲ್ಕು ಜನ ನಿಂತದ್ದು ಕಂಡು ಹೆಂಡತಿ ಶೀಲಾವತಿ ಗದರಿ, ಐದನೆಯವನೊಬ್ಬನನ್ನು ಸೇರಿಸಿದರು.

ಹತ್ತಿಸಿದವರು ಹೋದರು. ಇಳಿಯುವುದು ಹೇಗೆ? ನಮ್ಮ ಸೊಸೈಟಿಯಲ್ಲಿ ಲಿಫ್ಟಿನ ವಿಷಯ ಎತ್ತುವವರಿದ್ದಾರೆ, ಲಿಫ್ಟನ್ನು ಎತ್ತುವವರಿಲ್ಲ. ತೊಂಬತ್ತು ಮೆಟ್ಟಿಲ ಕೆಳಗೆ ಊರು. ಮೇಲೆ ಹತ್ತಡಿ ಕೋಣೆಯಲ್ಲಿ ದೂಜಣ್ಣ. ಕಿಟಕಿಯ ಗ್ರಿಲ್ಲಿಗೆ ಮೂಗು ತಾಗಿಸಿದರೆ ಕಾಣುವುದು ಎದುರು ಬಿಲ್ಡಿಂಗಿನ ಗ್ರಿಲ್ಲು.

ಹೋಟೆಲಿನ ಸಣ್ಣ ಧಣಿ ಹಿತೇಶ್ ಫೋನಿನಲ್ಲಿ ಹೇಳಿದ್ದ: “ಮಾಸ್ಟ್ರೇ, ಚೌತಿಯವರೆಗೆ ನಿಮ್ಮ ಕಾವಲಿ ಬೇರೆಯವರಿಗೆ ಕೊಡುದಿಲ್ಲ. ಸ್ವಂತ ಕಾಲಲ್ಲಿ ಗೇಟಿನವರೆಗೆ ಬನ್ನಿ, ಅಲ್ಲಿಂದ ನಾನೇ ಕರ್ಕೊಂಡು ಹೋಗ್ತೇನೆ. ದಿನಕ್ಕೆ ಎರಡು ಗಂಟೆ ನಿಂತ್ರೂ ಸಾಕು.”

ವಾರಕ್ಕೊಮ್ಮೆ ವ್ಯಾಯಾಮ ಹೇಳಿಕೊಡಲು ಬರುವ ನಮಿತಾ ಮುಂಬಯಿಯಲ್ಲೇ ಹುಟ್ಟಿದವಳು. ಡಂಬೆಲ್ ಬೇಡ, ಯಂತ್ರ ಬೇಡ, ನಿಮ್ಮ ಮೈಭಾರವೇ ಸಾಕು ಎಂದಳು. ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಕೆಳಗೆ ಜಾರಿ, ಇಲ್ಲದ ಕುರ್ಚಿಯಲ್ಲಿ ಕೂತಂತೆ ನಿಂತು, ಹತ್ತು ಎಣಿಸಿ ಏಳಬೇಕು. ದೂಜಣ್ಣ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಪ್ರತಿ ವಾರ ಅವಳು ಬಂದಾಗ ಮೊಣಕಾಲು ಪೂರಿಯಂತೆ ಉಬ್ಬಿರುತ್ತಿತ್ತು. ಮೆಟ್ಟಿಲಿಳಿಯುವ ಅಪ್ಪಣೆ ಮುಂದಿನ ವಾರಕ್ಕೆ ಹೋಗುತ್ತಿತ್ತು.

ಆರನೆಯ ವಾರ ತನ್ನೆದುರೇ ಮಾಡಿ ಎಂದಳು. ದೂಜಣ್ಣ ಗೋಡೆಗೊರಗಿ ಕಣ್ಣು ಮುಚ್ಚಿದರು. ಬಲಗೈ ಗಾಳಿಯಲ್ಲಿ ಮೆಲ್ಲನೆ ಸುತ್ತತೊಡಗಿತು. ಕಾಲು ಗಡಗಡ ನಡುಗಿದರೂ ಕೈ ನಿಲ್ಲದು.

“ಅಂಕಲ್, ಬಸ್! ಹತ್ತು ಕಬ್ ಕಾ ಆಯ್ತು! ಕೈ ಯಾಕೆ ತಿರುಗ್ತಿದೆ?”

“ಏಳನೇದು ಹುಯ್ತಾ ಇದ್ದೇನೆ ಮಾರಾಯ್ತಿ.”

“ಏಳನೇದು ಕ್ಯಾ?”

“ದೋಸೆ. ಹತ್ತು ಎಣಿಸಿ ಅಂದದ್ದು ನೀನೇ ಅಲ್ವಾ?”

ಶೀಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಇವರಿಗೆ ಬೇರೆ ಎಂತ ಎಣಿಸ್ಲಿಕ್ಕೆ ಬರ್ತದೆ?”

“ಹತ್ತು ಸೆಕೆಂಡ್, ಅಂಕಲ್! ನೋವಾದ್ರೆ ಬೀಚ್ ಮೇ, ಅರ್ಧದಲ್ಲೇ ಬಿಟ್ಟು ಏಳಿ!”

ದೂಜಣ್ಣನಿಗೆ ನಿಜಕ್ಕೂ ಬೇಸರವಾಯಿತು. “ಹುಯ್ದದ್ದನ್ನು ಅರ್ಧಕ್ಕೆ ಬಿಟ್ಟು ಏಳ್ಲಿಕ್ಕಾಗ್ತದಾ? ಹೊತ್ತಿ ಹೋಗುದಿಲ್ವಾ?”

ಅಂದಿನಿಂದ ಶೀಲಾವತಿ ಎದುರು ನಿಂತು, ಆ ಬಲಗೈಯನ್ನು ಭದ್ರವಾಗಿ ಹಿಡಿದುಕೊಂಡು, ತಾವೇ ಗಟ್ಟಿಯಾಗಿ ಹತ್ತು ಎಣಿಸತೊಡಗಿದರು. ಕೈಹಿಡಿದವಳು ಎಂಬ ಮಾತು ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಕೆಲಸಕ್ಕೆ ಬಂತು. ಮೂರು ವಾರದಲ್ಲಿ ಬಾವು ಇಳಿಯಿತು. ಅಷ್ಟರಲ್ಲಿ ಚೌತಿಗೆ ಉಳಿದದ್ದು ಒಂದೇ ದಿನ.

ಅಂದು ಬೆಳಿಗ್ಗೆ ಹಿತೇಶ್ ಕೆಳಗೆ ಬಂದು ಕಾದ. ನಮಿತಾ ದೂಜಣ್ಣನ ಸೊಂಟಕ್ಕೆ ಬೆಲ್ಟು ಬಿಗಿದು ಹಿಂದಿನಿಂದ ಹಿಡಿದುಕೊಂಡಳು. “ಮುರಿದ ಕಾಲು ಮೊದಲು ಇಳಿಸಿ. ವಾಪಸ್ ಹತ್ತೋಕೆ ಅರ್ಧ ತಾಕತ್ತು ಉಳಿಸಿ, ಅಂಕಲ್.”

ಐವತ್ತನಾಲ್ಕು ಮೆಟ್ಟಿಲು ಇಳಿದರು. ಎರಡನೇ ಮಾಳಿಗೆಯಲ್ಲಿ ಮೊಣಕಾಲು ಕಾದ ಕಾವಲಿಯಾಗಿತ್ತು. ಕೆಳಗಿನಿಂದ ಹಿತೇಶನ ಕೂಗು: “ಮಾಸ್ಟ್ರೇ, ಇನ್ನು ಎರಡೇ ಮಾಳಿಗೆ! ಬನ್ನಿ!”

ಕಂಬಿಯ ಮೇಲೆ ಬಲಗೈ ಸುತ್ತಲು ಶುರುವಾಯಿತು. ಒಂದು ಸುತ್ತು, ಎರಡು ಸುತ್ತು. ಆಮೇಲೆ ದೂಜಣ್ಣ ತಾವೇ ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿದರು.

“ಆಗುದಿಲ್ಲ ಹಿತೇಶಾ. ಹೊಸಬನನ್ನು ಇಟ್ಕೊ.” ಮತ್ತೆ ಕಂಬಿಯ ಮೇಲಿಂದ ಬಗ್ಗಿ ಹೇಳಿದರು: “ಅವನಿಗೆ ಹೇಳು, ಕಾವಲಿಯ ಎಡಬದಿಗೆ ಬೆಂಕಿ ಜಾಸ್ತಿ. ಅಲ್ಲಿಯದ್ದು ಬೇಗ ಎತ್ತಬೇಕು.”

ಒಳ್ಳೆಯ ಕಾಲು ಮುಂದಿಟ್ಟು ಹತ್ತಿದರು. ಮುಕ್ಕಾಲು ಗಂಟೆ ಹಿಡಿಯಿತು.

ನನ್ನ ಮನೆ ಅವರ ಕೆಳಗೇ. ಚೌತಿಯ ದಿನ ಬೆಳಿಗ್ಗೆ ಬೀದಿಯ ಡೋಲಿನ ಸದ್ದಿನ ನಡುವೆ ಶೀಲಾವತಿಯ ಎಣಿಕೆ ಕೇಳಿಸಿತು. ಹತ್ತಕ್ಕೆ ನಿಂತು, ಮತ್ತೆ ಒಂದರಿಂದ ಶುರುವಾಯಿತು.