ಮೊಳೆಯ ಮೇಲಿನ ಕೀಲಿ

ಸರ್ಕಾರಿ ವಿದ್ಯುತ್ ಕೇಂದ್ರದಲ್ಲಿ ಸ್ವಿಚ್ಚು ಕಾಯುವ ಆಕೆಗೆ ಎಲ್ಲರೂ ಇಟ್ಟ ಹೆಸರು ಕೀಲಿಯಕ್ಕ. ಲೈನ್ ಆಫ್ ಮಾಡಿಸಿ ಕಂಬ ಹತ್ತಲು ಜೀಪಿನಲ್ಲಿ ಹೊರಡುವವರೆಲ್ಲ ತಮ್ಮ ಬೈಕಿನ ಕೀಲಿಯನ್ನು ಅವಳ ಮೊಳೆಗೆ ಹಾಕಿ ಹೋಗಬೇಕು. ಮೊಳೆ ಖಾಲಿಯಾಗದೆ ಕರೆಂಟು ಬಿಡುವವಳಲ್ಲ. ಸುರಕ್ಷತೆಗೆಂದು ಇಲಾಖೆ ಕೊಟ್ಟ ಸಹಿ ಪುಸ್ತಕವೇನೋ ಇತ್ತು. “ಸಹಿ ಯಾರು ಬೇಕಾದ್ರೂ ಗೀಚ್ತಾರೆ, ಗಾಡಿ ಬಿಟ್ಟು ಯಾವನೂ ಮನೆಗೆ ಹೋಗಲ್ಲ” ಎನ್ನುತ್ತಿದ್ದಳು.

ಆ ಮಧ್ಯಾಹ್ನ ಜೀಪು ಮರಳಿತು, ಎಲ್ಲರೂ ಕೀಲಿ ತೆಗೆದುಕೊಂಡರು. ಒಂದು ಮಾತ್ರ ಉಳಿಯಿತು.

ಕೇಂದ್ರದ ಸಾಹೇಬರು ಧುಮುಗುಡುತ್ತ ಬಂದರು. “ಇಡೀ ಊರು ನನ್ನ ಪ್ರಾಣ ತಿಂತಿದೆ. ಎಲ್ರೂ ಇಳಿದಾಯ್ತು, ಬಿಡ್ರೀ ಕರೆಂಟು!”

“ಕೀಲಿ ಇದೆ ಸಾರ್.”

“ಕೀಲಿಗೇನು ಜೀವ ಇದ್ಯಾ? ನಾಳೆನೇ ನಿಮ್ಮನ್ನ ಎತ್ತಂಗಡಿ ಮಾಡಿಸ್ತೀನಿ!”

ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅವಳು ಬೇರೆ ಊರಿಗೆ ಹೋಗುವುದು ಹೇಗೆ? ಆದರೂ ಸ್ವಿಚ್ಚಿಗೆ ಅಡ್ಡ ನಿಂತಳು. ಸಾಹೇಬರೇ ಕೈ ಚಾಚಿದಾಗ, “ನನ್ನನ್ನ ತಳ್ಳಿ ಹಾಕಿ ಸಾರ್” ಎಂದಳು. ಅವರ ಕೈ ಹಿಂದಕ್ಕೆ ಸರಿಯಿತು.

ಅಷ್ಟರಲ್ಲಿ ಆ ಉಳಿದ ಕೀಲಿಯ ಲೈನ್‌ಮನ್ ಮಹಾಶಯ ಬಾಯಿ ಒರೆಸಿಕೊಳ್ಳುತ್ತ ಒಳಬಂದ. “ಚಹಾ ಕುಡಿಯೋಕೆ ಹೋಗಿದ್ದೆ ಅಕ್ಕಾ, ಕೀಲಿ ಮರೆತೇ ಹೋಯ್ತು!”

“ನೋಡಿದ್ರಾ?” ಎಂದು ಸಾಹೇಬರು ಹಲ್ಲು ಕಡಿದರು.

ಅವಳ ಮುಖ ಸಣ್ಣದಾಯಿತು. ಮೊಳೆ ಈಗ ಖಾಲಿ. ಸ್ವಿಚ್ಚಿನ ಮೇಲೆ ಕೈ ಇಟ್ಟವಳು, ಯಾಕೋ ತಿರುಗಿ ಕೇಳಿದಳು: “ದಿನಾ ನಿನ್ನ ಗಾಡೀಲಿ ಹಿಂದೆ ಕೂತು ಬರೋ ದೊಡ್ಡಪ್ಪ ಎಲ್ಲೋ?”

ಎಲ್ಲರ ಬಾಯಲ್ಲೂ ದೊಡ್ಡಪ್ಪನೇ ಆಗಿದ್ದ ಆ ಗುತ್ತಿಗೆ ಕೆಲಸಗಾರನಿಗೆ ಸ್ವಂತ ಗಾಡಿಯಿರಲಿಲ್ಲ. ಲೈನ್‌ಮನ್ ಬಿಳಿಚಿಕೊಂಡ. “ಕಟಿಂಗ್ ಪ್ಲೇಯರ್‌ನ ಮೇಲೇ ಮರೆತೆ, ನೀವು ನಡೀರಿ ಅಂತ... ಮತ್ತೆ ಕಂಬ ಹತ್ತಿದ್ದ ಅಕ್ಕಾ.”

ಕಾದ ಹಂಚು ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. ಸಾಹೇಬರು ಕುರ್ಚಿಯಲ್ಲಿ ಕುಸಿದರು. ಜೀಪು ಓಡಿತು.

ದೊಡ್ಡಪ್ಪ ಜೀಪಿನಿಂದ ನಗುತ್ತಲೇ ಇಳಿದು ಬಂದ. ವಿಷಯ ಕೇಳಿ ನಗು ನಿಂತಿತು. “ನಿಂದೇನು ತಪ್ಪು ತಾಯಿ? ನನ್ನ ಹತ್ರ ಗಾಡಿ ಎಲ್ಲಿದೆ, ಕೀಲಿ ಹಾಕೋಕೆ?”

ಕೀಲಿಯಕ್ಕ ಮೊಳೆಯತ್ತ ತಿರುಗಿದಳು. ಇಷ್ಟು ವರ್ಷ ಖಾಲಿ ಮೊಳೆ ನೋಡಿ, ಎಲ್ಲರೂ ಕ್ಷೇಮವೆಂದು ನೆಮ್ಮದಿಯಿಂದ ಸ್ವಿಚ್ಚು ಹಾಕಿದ್ದಳು. ಅಷ್ಟು ಸಲವೂ ಈ ಮನುಷ್ಯ ಅವಳ ಲೆಕ್ಕದಲ್ಲೇ ಇರಲಿಲ್ಲ.