ಸರೋಜಕ್ಕನಿಗೆ ಹೇಳದೆ ಹಾಕಿದ ಅರ್ಜಿ

"ಲೇ, ನೀರು ಬಂದೈತೆ. ಕೊಡ ತಗೊಂಡ್ ಬಾರೇ."

ಅಜ್ಜಂಪುರದ ಬಾಡಿಗೆ ಮನೆಗೆ ಬಂದ ಮರುದಿನ ಬೆಳಿಗ್ಗೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ನಮ್ಮ ಕಾರ್ಕಳದ ಕಡೆ ಹೈಸ್ಕೂಲು ಟೀಚರಿಗೆ ಯಾರಾದರೂ 'ಲೇ' ಎಂದರೆ ಜಗಳಕ್ಕೆ ಬಂದರೆಂದೇ ಅರ್ಥ. ನಾನು ಮುಖ ಕೆಂಪಗೆ ಮಾಡಿಕೊಂಡು ಬಾಗಿಲಲ್ಲೇ ನಿಂತೆ. ಕರೆದವರು ಪಕ್ಕದ ಮನೆಯ ಸರೋಜಕ್ಕ. ಐವತ್ತು ದಾಟಿದ ವಿಧವೆ, ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟೈಲರಿನ ಅಳತೆ ಟೇಪು. ನಾನು ಅಲುಗದ್ದು ನೋಡಿ ಅವರೇ ಒಳಗೆ ಬಂದು ನನ್ನ ಕೊಡ ಎತ್ತಿಕೊಂಡು ಹೋಗಿ, ತುಂಬಿಸಿ ತಂದಿಟ್ಟರು. ಅದು ಸಲಿಗೆಯ ಕರೆ ಎಂದು ನನಗೆ ತಿಳಿಯಲು ಆರು ತಿಂಗಳು ಬೇಕಾಯಿತು.

ಆ ಮನೆ ಸಿಕ್ಕಿದ್ದೂ ಸುಲಭದಲ್ಲಲ್ಲ. ಲವೀನಾ ಎಂಬ ನನ್ನ ಹೆಸರು ಕೇಳಿದ ಮೇಲೆ ಎಲ್ಲ ಕಡೆ ಒಂದೇ ಪ್ರಶ್ನೆ, "ಮೀನು ಮಾಂಸ ಮಾಡ್ತೀರಾ ಮೇಡಂ?" ಹೌದೆಂದರೆ, ಮನೆ ಆಗಲೇ ಯಾರಿಗೋ ಹೇಳಿಬಿಟ್ಟಿದ್ದೇವೆ ಎನ್ನುತ್ತಿದ್ದರು. ಕೊನೆಗೆ ಸಿಕ್ಕಿದ್ದು ಸರೋಜಕ್ಕನ ಗೋಡೆಗೆ ಅಂಟಿದ ಈ ಎರಡು ಕೋಣೆ. ಅವರು ಮಠಕ್ಕೆ ನಡೆದುಕೊಳ್ಳುವವರು, ಮೊಟ್ಟೆಯನ್ನೂ ಮುಟ್ಟದವರು. ಆದರೂ ಹೇಳಿದ್ದು ಇಷ್ಟೇ: "ಏನಾರ ಬೇಯಿಸ್ಕೋ. ನನ್ ಕಡೆ ಕಿಟಕಿ ಹಾಕ್ಕೊಂಡ್ ಬೇಯಿಸು."

ಬೇಯಿಸಲು ಇಲ್ಲಿ ಸಮುದ್ರದ ಮೀನೇ ಇರಲಿಲ್ಲ. ಭಾನುವಾರ ಚರ್ಚಿಗೆಂದು ತರೀಕೆರೆಗೆ ಹೋದಾಗ ಕೆರೆಮೀನು ತರುತ್ತಿದ್ದೆ, ಅದರಲ್ಲಿ ಮಣ್ಣಿನ ವಾಸನೆ. ಕುಚ್ಚಲಕ್ಕಿ ಸಿಗದೆ ಮೊದಲ ವರ್ಷ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ನಮ್ಮಲ್ಲಿ ಡಿಸೆಂಬರಿನಲ್ಲೂ ಬೆವರುತ್ತೇವೆ. ಇಲ್ಲಿ ಬೆಳಗಿನ ಗಾಳಿಗೆ ತುಟಿ ಒಡೆಯುತ್ತದೆ. ಬಾಯಿ ತೆರೆದರೆ ಮಕ್ಕಳು ನಗುತ್ತಿದ್ದರು. "ಎಂತ ಮಾರಾಯ್ತಿ, ಉಂಟಾ?" ಎಂದು ನನ್ನದೇ ಧಾಟಿಯಲ್ಲಿ ಅಣಕಿಸುತ್ತಿದ್ದವಳು ನಮ್ಮ ಶಾಲೆಯ ಗುಮಾಸ್ತೆ ನಿರ್ಮಲಾ. ಹಿರೇನಲ್ಲೂರಿನವಳು, ಮನೆಯ ನಡುಗೋಡೆಯಲ್ಲಿ ಬುದ್ಧನ ಪಟವಿಟ್ಟ ಕುಟುಂಬದವಳು. ಕೆಲಸಕ್ಕೆಂದು ಅಜ್ಜಂಪುರದಲ್ಲೇ ಮನೆ ಮಾಡಿದ್ದಳು.

ಶಾಲೆ ಬಿಟ್ಟ ಮೇಲೆ ನಾವು ಮೂವರೂ ಸರೋಜಕ್ಕನ ಮುಂಗೋಣೆಯಲ್ಲಿ ಸೇರುತ್ತಿದ್ದೆವು. ಅವರ ಹೊಲಿಗೆ ಯಂತ್ರ ಅಲ್ಲೇ. ಡಿಸೆಂಬರ್ ಬಂದರೆ ಯಂತ್ರದ ಪಕ್ಕ ನೆನೆಹಾಕಿದ ಅವರೆಕಾಳಿನ ಪಾತ್ರೆ ಬರುತ್ತದೆ. ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಚಿಮ್ಮಿಸುವುದಕ್ಕೆ ಇಲ್ಲಿ ಹಿತಕುವುದು ಎನ್ನುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ನಮ್ಮೂರಿನಲ್ಲಿ ಅದೇ ದಿನಗಳಲ್ಲಿ ಹೆಂಗಸರು ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿ, ಮಾಡಲು ಸುತ್ತ ಕೂರುತ್ತಾರೆ. ಈ ಸಲ ಎರಡೂ ಒಂದೇ ಕೋಣೆಯಲ್ಲಿ ಆಗಲಿ ಎಂದರು ಸರೋಜಕ್ಕ. ಹಿಟ್ಟು ಕಲಸಿ ತಂದೆ, ಮೊಟ್ಟೆ ಹಾಕದೆ, ತೆಂಗಿನ ಹಾಲಿನಲ್ಲಿ.

"ಏನೇ ಇದ್ರ ಹೆಸ್ರು?" ಎಂದರು.

"ಕಿಡಿಯೊ."

"ಹಂಗಂದ್ರೆ?"

"ಕೊಂಕಣಿಯಲ್ಲಿ ಹುಳಗಳು ಅಂತ."

ಸರೋಜಕ್ಕ ಯಂತ್ರ ನಿಲ್ಲಿಸಿದರು. "ಹುಳಾನ? ಹಬ್ಬದ ದಿವ್ಸ ಹುಳ ತಿಂತೀರೇನೇ?"

"ಹಿಟ್ಟಿನ ಹುಳ ಅಕ್ಕ. ಮುಳ್ಳುಚಮಚದ ಬೆನ್ನಿನ ಮೇಲೆ ಒತ್ತಿ ಹೀಗೆ ಸುರುಳಿ ಮಾಡುವುದು."

"ಅದ್ಸರಿ. ಮಠದ ಸ್ವಾಮಿಗಳು ಕೇಳಿದ್ರೆ ಹುಳ ಕರಿದೆ ಅಂತ ಹೇಳ್ಲೇನೇ ನಾನು?"

"ಹೆಸ್ರು ಹೇಳ್ಬೇಡಿ ಬಿಡಿ, ಸುಮ್ನೆ ಕೈಗೆ ಕೊಡಿ," ಎಂದಳು ನಿರ್ಮಲಾ.

ಹೊಲಿದು ಪಳಗಿದ ಬೆರಳು, ಸರೋಜಕ್ಕನ ಸುರುಳಿಗಳು ನನ್ನ ಅಮ್ಮನವಕ್ಕಿಂತ ಚೆಂದ ಬಂದವು. ಮಾತು ಎಲ್ಲೆಲ್ಲಿಗೋ ಹೋಯಿತು. ದಾವಣಗೆರೆಯಲ್ಲಿರುವ ಅವರ ಮಗನಿಗೆ ಹೆಣ್ಣು ನೋಡುತ್ತಿರುವುದು, ನಿರ್ಮಲಾಳ ಅತ್ತೆಯ ಮಂಡಿನೋವು, ನಮ್ಮ ಮನೆಯಲ್ಲಿ ಕಟ್ಟುವ ಗೋದಲಿ. ಹುಲ್ಲು ಹಾಸಿ, ಯೇಸುವಿನ ಹುಟ್ಟಿನ ಗೊಂಬೆಗಳನ್ನಿಡುವ ಪುಟ್ಟ ಕೊಟ್ಟಿಗೆ ಅದು ಎಂದು ವಿವರಿಸಿದೆ.

"ಮುಂದಿನ್ ವರ್ಷ ಇಲ್ಲೇ ಕಟ್ಟು," ಎಂದರು ಸರೋಜಕ್ಕ. "ಹುಲ್ಲು ನಾನ್ ತರುಸ್ತೀನಿ. ಗೊಂಬೆಗೆ ಬಟ್ಟೇನೂ ಹೊಲಿತೀನಿ."

ನಾನು ಹಿಟ್ಟಿನ ಪಾತ್ರೆಯತ್ತ ಬಗ್ಗಿದೆ. ಆಗ ನಿರ್ಮಲಾ, ಕಾಳು ಹಿತಕುತ್ತಲೇ, "ಮುಂದಿನ್ ವರ್ಷ ಇವ್ಳೆಲ್ಲಿರ್ತಾಳಕ್ಕ? ವರ್ಗಾವಣೆ ಅರ್ಜಿ ಹಾಕವ್ಳಲ್ಲ, ಊರಿಗೆ," ಎಂದಳು. ಕಾಗದ ಅವಳ ಮೇಜಿನ ಮೇಲಿಂದಲೇ ಹೋಗಿತ್ತು. ಸರೋಜಕ್ಕನಿಗೂ ಹೇಳಿರುತ್ತೇನೆ ಎಂದೇ ಅವಳು ತಿಳಿದಿದ್ದಳು.

ನಾನು ಹೇಳಿರಲಿಲ್ಲ. ಅರ್ಜಿ ಹಾಕಿ ಮೂರು ತಿಂಗಳಾಗಿತ್ತು. ಪ್ರತಿ ಸಂಜೆ ಅದೇ ಚಾಪೆಯ ಮೇಲೆ ಕೂತು, ಅವರು ಕೊಟ್ಟ ಕಾಫಿ ಕುಡಿದು, ವರ್ಗಾವಣೆ ಸಿಕ್ಕರೆ ಹೇಳಿದರಾಯಿತು, ಸಿಗದಿದ್ದರೆ ಯಾಕೆ ನೋಯಿಸಬೇಕು ಎಂದುಕೊಳ್ಳುತ್ತಿದ್ದೆ. ಸರೋಜಕ್ಕ ಕೈಯಲ್ಲಿದ್ದ ಸುರುಳಿಯನ್ನು ತಟ್ಟೆಗೆ ಹಾಕಿದರು.

"ಹೌದೇನೇ?"

"ಹೌದಕ್ಕ."

"ಹೋಗ್ಲಿ ಬಿಡು. ಹುಟ್ಟಿದೂರು ಬಿಟ್ಟು ಯಾರು ಇರ್ತಾರೆ." ಇನ್ನೊಂದು ಚೂರು ಹಿಟ್ಟು ಕಿತ್ತುಕೊಳ್ಳುತ್ತ, "ನಂಗೆ ಹೇಳ್ಬೋದಿತ್ತು," ಎಂದರು.

ಆಮೇಲೆ ಎರಡು ಸಂಜೆ ನಾನು ಅತ್ತ ಹೋಗಲಿಲ್ಲ. ಉತ್ತರಪತ್ರಿಕೆ ತಿದ್ದುವುದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಗೋಡೆಯಾಚೆ ಯಂತ್ರ ಓಡುವುದು, ನಿಲ್ಲುವುದು ಕೇಳುತ್ತಿತ್ತು. ಅವರೂ ಕರೆಯಲಿಲ್ಲ. ಮೂರನೆಯ ಬೆಳಿಗ್ಗೆ, ಹಬ್ಬಕ್ಕೆ ಎರಡು ದಿನ ಇರುವಾಗ, ಶಾಲೆಗೆ ಹೊರಟಾಗ ಅವರು ಹೊಸ್ತಿಲ ಮುಂದೆ ರಂಗೋಲಿ ಹಾಕುತ್ತಿದ್ದರು.

"ಸ್ವೆಟ್ರು ಹಾಕ್ಕೊಂಡ್ ಹೋಗೆ, ಗಾಳಿ ಐತೆ," ಎಂದರು ತಲೆಯೆತ್ತದೆ.

"ಸಂಜೆ ಬರ್ತೇನೆ ಅಕ್ಕ. ಸ್ವಲ್ಪ ಮಾತಾಡ್ಲಿಕ್ಕುಂಟು."

"ಬಾ."

ಸಂಜೆ ಬಂದಾಗ ಅವರ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ರಜೆ ಹಾಕಿದ್ದ ನಿರ್ಮಲಾ ನನ್ನನ್ನು ಬೀದಿಯಲ್ಲೇ ತಡೆದು ಕೈ ಹಿಡಿದುಕೊಂಡಳು. "ಮಧ್ಯಾಹ್ನ ಎದೆ ಹಿಡ್ಕೊಂಡ್ರು ಕಣೇ. ಆಟೋದಲ್ಲಿ ತರೀಕೆರೆಗೆ ಕರ್ಕೊಂಡ್ ಹೊಂಟ್ವಿ. ದಾರೀಲೇ ಹೋಗ್ಬಿಟ್ರು."

ನಮ್ಮಲ್ಲಿ ಸತ್ತವರನ್ನು ಮಲಗಿಸುತ್ತೇವೆ. ಸರೋಜಕ್ಕನ ಜನ ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು, ಗೋಡೆಗೆ ಒರಗಿ ಕೂತಿದ್ದರು. ಯಂತ್ರದ ಮುಂದೆ ಕೂರುತ್ತಿದ್ದ ಹಾಗೆಯೇ, ಸ್ವಲ್ಪ ಎಡಕ್ಕೆ ವಾಲಿ. ಈಗ ಕೇಳುತ್ತಾರೆ, ಏನೇ ಮಾತಾಡ್ಬೇಕು ಅಂದಿದ್ದೆ ಎಂದು, ಅನ್ನಿಸಿ ಚಾಪೆಯ ಅಂಚಿಗೆ ಕೂತೆ. ಮರುದಿನ ಮಗ ಬಂದ ಮೇಲೆ ಕೂತ ಭಂಗಿಯಲ್ಲೇ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಹಾಕಿದೆ. ನನ್ನ ಪ್ರಾರ್ಥನೆ ಕೊಂಕಣಿಯಲ್ಲಿ ಬಂತು. ಅವರಿಗೆ ಆ ಭಾಷೆಯಲ್ಲಿ ಗೊತ್ತಿದ್ದದ್ದು ಕಿಡಿಯೊ ಎಂಬ ಒಂದೇ ಮಾತು.

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ನಿರ್ಮಲಾ ನನ್ನನ್ನು ಬಸ್ಸು ಹತ್ತಿಸಿದಳು. ಕಡೂರಿನಲ್ಲಿ ಬದಲಿಸಿ, ಘಟ್ಟ ಇಳಿದು, ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಅಂಗಳದಲ್ಲಿ ನಕ್ಷತ್ರ ತೂಗುತ್ತಿತ್ತು. ಅಕ್ಕಂದಿರು, ಅವರ ಗೆಳತಿಯರು, ಎಲ್ಲರ ಮಾತೂ ಒಟ್ಟಿಗೆ: ಯಾರ ಕೇಕು ಉಬ್ಬಲಿಲ್ಲ, ಯಾರ ಮಗಳಿಗೆ ಗೋದಲಿಯ ಬಹುಮಾನ ಬಂತು. ಮೂರು ವರ್ಷ ಈ ಸದ್ದಿಗಾಗಿಯೇ ಹಂಬಲಿಸಿದ್ದೆ. ಈಗ ಯಾರದೋ ಮನೆಯ ಮಾತಿನ ಹಾಗೆ ಕೇಳುತ್ತಿತ್ತು.

"ಯಾಕೆ ತಡ? ಅಲ್ಲಿ ಯಾರೋ ತೀರಿಕೊಂಡರಂತಲ್ಲ?" ಎಂದರು ಅಮ್ಮ.

"ಪಕ್ಕದ ಮನೆಯವರು," ಎಂದೆ. ಕೊಂಕಣಿಯಲ್ಲಿ ನನಗೆ ಬೇರೆ ಮಾತು ಸಿಗಲಿಲ್ಲ. ಅಮ್ಮ "ಅಯ್ಯೋ ಪಾಪ" ಎಂದು ಅನ್ನ ಬಡಿಸಿದರು. ಅದೂ ಕುಚ್ಚಲಕ್ಕಿಯೇ. ಎರಡು ತುತ್ತು ತಿಂದು ಎದ್ದೆ.

ರಜೆ ಮುಗಿಸಿ ಅಜ್ಜಂಪುರಕ್ಕೆ ಬಂದಾಗ ಪಕ್ಕದ ಬಾಗಿಲಿಗೆ ಬೀಗ ಬಿದ್ದಿತ್ತು. ಮಗ ಯಂತ್ರವನ್ನು ದಾವಣಗೆರೆಗೆ ಒಯ್ದಿದ್ದಾನಂತೆ. ಆ ಸಂಜೆ ನಿರ್ಮಲಾ ನನ್ನ ಮನೆಗೇ ಬಂದಳು.

"ನಾನ್ ಬಾಯ್ಬಿಡಬಾರ್ದಿತ್ತು," ಎಂದಳು.

"ನಾನು ಹೇಳಬೇಕಿತ್ತು. ತಪ್ಪು ನಿನ್ನದಲ್ಲ."

"ಅರ್ಜಿ ವಾಪಸ್ ತಗೋತೀಯ?"

ತೆಗೆದುಕೊಳ್ಳುತ್ತೇನೆ ಎಂದು ಹೇಳಬೇಕೆನ್ನಿಸಿತು. ಅದು ಸುಳ್ಳಾಗುತ್ತಿತ್ತು. ಊರಿಗೆ ಹೋದರೆ ಈ ಬೀದಿಗಾಗಿ ಅಳುತ್ತೇನೆ, ಇಲ್ಲೇ ಉಳಿದರೆ ಆ ಗೋಡೆಯ ಮೌನ ಕೇಳಬೇಕು. "ಇಲ್ಲ," ಎಂದೆ.

"ಹೋಗು. ಯಾವತ್ತು ಅಂತ ಗೊತ್ತಾದ್ ದಿವ್ಸಾನೇ ನಂಗೆ ಹೇಳು."

ಹೇಳುತ್ತೇನೆ. ಇಲ್ಲಿ ಹೇಳಿ ಹೋಗಬೇಕಾದವರಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ.