ಗುರುವಾರದ ಬಾಣಲೆ

ಇಂದುಮತಿ ಅಡಿಗೆ ಮಾಡುವಾಗ ರುಚಿ ನೋಡುವುದಿಲ್ಲ. ಹುಟ್ಟಿದಾರಭ್ಯ ನೋಡಿದವಳಲ್ಲ. ಮೈಸೂರಿನ ಅಗ್ರಹಾರದ ಮನೆಯಲ್ಲಿ ಅಮ್ಮ ಹೇಳಿಕೊಟ್ಟ ಮೊದಲ ಪಾಠವೇ ಅದು: ದೇವರಿಗೆ ನೈವೇದ್ಯ ಆಗುವ ತನಕ ಸೌಟು ನಾಲಿಗೆಗೆ ತಾಗಕೂಡದು, ತಾಗಿದರೆ ಎಂಜಲು. ಸಾರು ಹದಕ್ಕೆ ಬಂತೇ ಎಂದು ಮೂಗು ಹೇಳಬೇಕು, ಪಲ್ಯ ಬೆಂದಿತೇ ಎಂದು ಕಣ್ಣು ಹೇಳಬೇಕು, ಉಳಿದದ್ದೆಲ್ಲ ಕೈಯಳತೆ. ಅವಳ ಕೈಯಳತೆ ಸಾಮಾನ್ಯದ್ದಲ್ಲ. ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿದ್ದ ಹತ್ತು ವರ್ಷವೂ ಗಣೇಶನ ಹಬ್ಬಕ್ಕೆ ಎಂಬತ್ತು ಜನಕ್ಕೆ ಬಿಸಿಬೇಳೆಭಾತು ಮಾಡಿ ಬಡಿಸಿದಳು. ಅದು ಹೆಚ್ಚಾಯಿತು ಇದು ಕಮ್ಮಿಯಾಯಿತು ಎಂದು ಒಂದು ಪ್ರಾಣಿಯೂ ತುಟಿ ಎರಡು ಮಾಡಲಿಲ್ಲ.

ಅದೇ ಕೈಯಿಂದ ಅವಳು ಈಗ ಬ್ರಿಸ್ಬೇನಿನಲ್ಲಿ ಪ್ರತಿ ಗುರುವಾರ ದನದ ಮಾಂಸ ಬೇಯಿಸುತ್ತಾಳೆ. ಅಯ್ಯೋ ರಾಮ ಅನ್ನಬೇಡಿ. ಹಾಗನ್ನುವವರು ಅವಳಿರುವ ಕ್ಯಾಲಮ್‌ವೇಲ್‌ನಲ್ಲೇ ಬೇಕಾದಷ್ಟು ಮಂದಿ ಇದ್ದಾರೆ, ನೀವೂ ಹೋಗಿ ಆ ಸಾಲಿನಲ್ಲಿ ನಿಲ್ಲುವುದು ಬೇಡ. ಹೇಗೆ ಅಲ್ಲಿಗೆ ಬಂತು ಅನ್ನುವುದನ್ನು ಕೇಳಿ.

ಗಂಡ ಚಂದ್ರಮೌಳಿ ಗಣಿ ಕಂಪನಿಯೊಂದರಲ್ಲಿ ಎಂಜಿನಿಯರ್. ಪರ್ತ್‌ನಿಂದ ಬ್ರಿಸ್ಬೇನಿಗೆ ವರ್ಗವಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಕಿಡ್ನಿ ಕೈಕೊಟ್ಟಿತು. ಮಗಳು ಪೂರ್ವಿ ಆಗ ಮೆಡಿಕಲ್ ಓದುತ್ತಿದ್ದಳು. ಅವಳೇ ಪಥ್ಯದ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಟೊಮೆಟೊ ಇಲ್ಲ, ಬಾಳೆಹಣ್ಣು ಇಲ್ಲ, ಆಲೂಗಡ್ಡೆಯನ್ನು ಎರಡು ಸಲ ಕುದಿಸಿ ನೀರು ಚೆಲ್ಲಬೇಕು, ಕುಡಿಯುವ ನೀರಿಗೂ ಲೆಕ್ಕ, ಉಪ್ಪಂತೂ ಹತ್ತಿರ ಸುಳಿಯಕೂಡದು. ಇಂದುಮತಿ ಇಡೀ ಅಡಿಗೆಮನೆಯನ್ನೇ ಆ ಪಟ್ಟಿಗೆ ಬಗ್ಗಿಸಿದಳು. "ನಿನಗಾದ್ರೂ ಬೇರೆ ಮಾಡ್ಕೊಳ್ಳೇ" ಎಂದು ಚಂದ್ರಮೌಳಿ ಗೊಣಗುತ್ತಿದ್ದರು. "ಇಬ್ಬರಿರೋ ಮನೇಲಿ ಎರಡೆರಡು ಸಾರು ಮಾಡ್ತಾರೇನ್ರೀ?" ಎಂದು ಅವಳು ತನ್ನ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಉಪ್ಪು ಹಾಕಿಕೊಂಡು ಕಲಸಿಕೊಳ್ಳುತ್ತಿದ್ದಳು. ಹೀಗೇ ನಾಲ್ಕು ವರ್ಷ.

ಕಳೆದ ಫೆಬ್ರವರಿಯಲ್ಲಿ ಅವರು ಹೋಗಿಬಿಟ್ಟರು.

ಬಂದವರೆಲ್ಲ ಅತ್ತರು. ಅತ್ತವರಿಗೆಲ್ಲ ಇಂದುಮತಿ ಕಾಫಿ ಮಾಡಿಕೊಟ್ಟಳು. ಅಡಿಲೇಡಿನ ಆಸ್ಪತ್ರೆಯಿಂದ ರಜೆ ಹಾಕಿ ಬಂದ ಪೂರ್ವಿ ಹದಿಮೂರು ದಿನವೂ ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಈಗ ಒಡೆಯುತ್ತದೆ, ಆಗ ಒಡೆಯುತ್ತದೆ ಎಂದು. ಏನೂ ಒಡೆಯಲಿಲ್ಲ. ಅಳು ಬರಲಿಲ್ಲ, ಬರಲಿಲ್ಲವಲ್ಲ ಎಂಬ ಬೇಸರವೂ ಬರಲಿಲ್ಲ. ಬೆಳಗಾದರೆ ಏಳುತ್ತಿದ್ದಳು, ಸ್ನಾನ, ದೀಪ, ಅಡಿಗೆ, ಊಟ, ಕಿಟಕಿ. ಮಧ್ಯಾಹ್ನ ಮಗಳು ಫೋನ್ ಮಾಡಿ "ಊಟ ಆಯ್ತಾ?" ಅಂದರೆ "ಆಯ್ತು ಪುಟ್ಟಿ." ಸುಳ್ಳೇನಲ್ಲ, ಊಟ ನಿಜವಾಗಿಯೂ ಆಗಿರುತ್ತಿತ್ತು.

ಮನೆಯಲ್ಲೇ ಕೂತರೆ ಅಮ್ಮ ಮಂಕಾಗಿಬಿಡುತ್ತಾಳೆ ಎಂದು ಪೂರ್ವಿಯೇ ಚಂಪಾಳಿಗೆ ಹೇಳಿ ಕೆಲಸ ಹುಡುಕಿಸಿದ್ದು. ಚಂಪಾ ಹಾಸನದ ಕಡೆಯ ನರ್ಸ್. ವಯಸ್ಸಾದವರ ಮನೆಗೆ ಹೋಗಿ ಅಡಿಗೆ, ಸ್ನಾನ, ಔಷಧಿ ನೋಡಿಕೊಳ್ಳುವವರನ್ನು ಕಳಿಸುವ ಸಂಸ್ಥೆಯಲ್ಲಿದ್ದಾಳೆ. ಫಾರಂ ತುಂಬಿಸುತ್ತಾ, "ಆಂಟಿ, ಮಾಂಸ ಮುಟ್ತೀರಾ? ಇಲ್ಲ ಅಂದ್ರೆ ಇಲ್ಲ ಅಂತ ಬರ್ಕೋತೀನಿ, ಸಂಕೋಚ ಬೇಡ" ಎಂದಳು.

"ಮುಟ್ತೀನಿ."

"ಬೀಫೂ ಇರತ್ತೆ ಆಂಟಿ."

"ಇರ್ಲಿ ಬಿಡು."

ಚಂಪಾಳ ಪೆನ್ನು ನಿಂತಿತು. ಹಿಂದಿನ ವರ್ಷವಾಗಿದ್ದರೆ ಆ ಮಾತಿಗೇ ಇಂದುಮತಿ ಎದ್ದು ಹೋಗುತ್ತಿದ್ದಳು. ಈಗ ಕೈಗವಸು ಹಾಕಿಕೊಂಡರಾಯಿತು, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರಾಯಿತು ಅನ್ನಿಸಿತು, ಅಷ್ಟೇ.

ಹೀಗೆ ಅವಳ ಪಾಲಿಗೆ ಬಂದವಳು ನೋರೀನ್. ಎಂಬತ್ತಾರು ವರ್ಷ, ಒಂಟಿ ಜೀವ, ಹಿಡಿಯಷ್ಟು ಮೈ. ಕಣ್ಣಿನ ನಡುವೆ ಮಬ್ಬು ಕವಿದು ಎದುರಿಗಿರುವುದು ಕಾಣದು, ಅಂಚಿನಲ್ಲಿ ಮಾತ್ರ ಒಂದಿಷ್ಟು. ಒಮ್ಮೆ ಚಹಾಕ್ಕೆ ಸಕ್ಕರೆಯೆಂದು ಉಪ್ಪು ಸುರಿದುಕೊಂಡಿದ್ದಳಂತೆ. ಪರ್ತ್‌ನಲ್ಲಿರುವ ಮಗಳು ಬಂದಾಗ ಚಾಕು, ಬೆಂಕಿಪೊಟ್ಟಣ, ಉಪ್ಪು ಎಲ್ಲವನ್ನೂ ಕೈಗೆಟುಕದ ಮೇಲಿನ ಕಪಾಟಿಗೆ ಸೇರಿಸಿ ಹೋಗಿದ್ದಳು. ನೋರೀನ್ ಆಡುತ್ತಿದ್ದುದು ಅಪ್ಪಟ ಕ್ವೀನ್ಸ್‌ಲ್ಯಾಂಡಿನ ಇಂಗ್ಲಿಷು; ಇಂದುಮತಿಯ ಕಿವಿಯೊಳಗೆ ಹೋಗುವಾಗ ಅದು ಕನ್ನಡವೇ ಆಗಿರುತ್ತಿತ್ತು.

ಗುರುವಾರದ ಅಡಿಗೆ ಯಾವುದೆಂದು ನೋರೀನಳೇ ಗೊತ್ತುಮಾಡಿದ್ದಳು. ಒಂದೇ ಬಾಣಲೆಯಲ್ಲಿ ಬೀಫ್ ಮಿನ್ಸ್, ಅಂದರೆ ನಾವು ಖೀಮಾ ಅನ್ನುವುದು, ಅದರ ಜೊತೆ ಎಲೆಕೋಸು. ಗಂಡ ಬದುಕಿದ್ದಾಗ ಗುರುವಾರ ಸಂಜೆ ಅವಳಿಗೆ ಟೆನಿಸ್. ಪಾತ್ರೆ ತೊಳೆಯುವ ಗೋಜು ಕಮ್ಮಿಯೆಂದು ಐವತ್ತು ವರ್ಷ ಅದನ್ನೇ ಮಾಡಿದಳಂತೆ. ಕಣ್ಣು ಸರಿಯಿದ್ದಾಗ ಬರೆದ ಚೀಟಿ ಫ್ರಿಜ್ಜಿನ ಮೇಲೆ ಹಾಗೇ ಇತ್ತು: ಮಿನ್ಸ್ ಒಂದು ಪೌಂಡು, ಅರ್ಧ ಎಲೆಕೋಸು, ಈರುಳ್ಳಿ ಎರಡು, ಕರಿ ಪೌಡರ್, ಮೆಣಸು, ಒಂದು ಹಿಡಿ ಅಕ್ಕಿ.

ಮೊದಲ ಗುರುವಾರ ಇಂದುಮತಿ ಮಾಡಿದ್ದೇನು ಗೊತ್ತೇ? ಮಿನ್ಸನ್ನು ಜರಡಿಗೆ ಹಾಕಿ, ಅಕ್ಕಿ ತೊಳೆದ ಹಾಗೆ ಮೂರು ನೀರಿನಲ್ಲಿ ತೊಳೆದಳು! ಅಂಗಡಿಯಿಂದ ತಂದದ್ದನ್ನು ತೊಳೆಯದೆ ಒಲೆಗೆ ಹಾಕುವುದುಂಟೇ? ನಲ್ಲಿಯ ಸದ್ದು ಕೇಳಿ ನೋರೀನ್ ಕೂತಲ್ಲಿಂದಲೇ ಕೂಗಿದಳು, "ಏನೇ ತೊಳೀತಿದ್ದೀ ಅಷ್ಟು ಹೊತ್ತು?"

"ಮಿನ್ಸು."

ಮುದುಕಿ ನಕ್ಕು ನಕ್ಕು ಕೆಮ್ಮಿದಳು. "ಮಿನ್ಸ್ ತೊಳೆದ್ರೆ ಉಳಿಯೋದೇನೇ ಡಾರ್ಲ್? ಸಾರವೆಲ್ಲ ಮೋರಿಗೆ ಹೋಯ್ತು."

ಮುಂದಿನ ವಾರದಿಂದ ತೊಳೆಯುವುದು ನಿಂತಿತು. ಬಾಣಲೆ ಚೆನ್ನಾಗಿ ಕಾದ ಮೇಲೆ ಹಾಕಿ, ಕೆದಕದೆ ಬಿಟ್ಟು, ತಳ ಕಂದು ಬಣ್ಣಕ್ಕೆ ತಿರುಗಿದ ಮೇಲೇ ಮಗುಚಬೇಕೆಂದು ನೋರೀನ್ ಹೇಳಿಕೊಟ್ಟಳು. ಇಂದುಮತಿ ಬೇಗ ಕಲಿತಳು. ಆದರೂ ತಟ್ಟೆ ಮಾತ್ರ ಬಡಿಸಿದ ಹಾಗೇ ಹಿಂದಿರುಗುತ್ತಿತ್ತು. ಎರಡು ಚಮಚ ತಿಂದು, "ಲವ್ಲೀ, ಡಾರ್ಲ್. ನಿನ್ನ ತಪ್ಪಲ್ಲ. ನನ್ನ ನಾಲಿಗೆಯೇ ಸತ್ತಿದೆ, ಏನೂ ತಿಳಿಯೋದಿಲ್ಲ" ಎಂದು ಪಕ್ಕಕ್ಕೆ ಸರಿಸಿಬಿಡುತ್ತಿದ್ದಳು. ಚಳಿಗಾಲದಲ್ಲಿ ಜ್ವರ ಬಂದು ಮಲಗಿದಾಗ ರುಚಿ ಹೋಗಿತ್ತು. ಈ ವಯಸ್ಸಿನಲ್ಲಿ ಅದು ವಾಪಸ್ಸು ಬರದಿದ್ದರೂ ಬರಲಿಕ್ಕಿಲ್ಲ ಎಂದು ಡಾಕ್ಟರೂ ಅಂದಿದ್ದರು. ಚಂಪಾ ಅದನ್ನೇ ಫೈಲಿನಲ್ಲಿ ಬರೆದಳು. ಬೇರೆ ದಿನಗಳಲ್ಲಿ ಬರುವ ಪೆಟ್ಟಿಗೆ ಊಟವನ್ನು ನೋರೀನ್ ಮುಟ್ಟುತ್ತಲೇ ಇರಲಿಲ್ಲ. ಚಹಾ, ಜಾಮ್ ಹಚ್ಚಿದ ಟೋಸ್ಟಿನಲ್ಲೇ ವಾರ ತಳ್ಳುತ್ತಿದ್ದಳು.

ತೂಕ ಇಳಿಯುತ್ತಾ ಬಂತು. ನಲವತ್ತಮೂರು ಕಿಲೋ, ನಲವತ್ತೊಂದೂವರೆ. ಕಳೆದ ವಾರ ಚಂಪಾ ಇಂದುಮತಿಯನ್ನು ಅಂಗಳಕ್ಕೆ ಕರೆದು ಹೇಳಿದಳು, "ಆಂಟಿ, ಮುಂದಿನ ಗುರುವಾರ ಮಧ್ಯಾಹ್ನ ಬಂದು ತೂಕ ನೋಡ್ತೀನಿ. ನಲವತ್ತರ ಕೆಳಗೆ ಹೋದ್ರೆ ವೃದ್ಧಾಶ್ರಮವೇ. ಪರ್ತ್‌ನಲ್ಲಿ ಮಗಳು ರೂಮ್ ನೋಡಿಟ್ಟಾಗಿದೆ. ನಾನೇನೂ ಮಾಡೋಕಾಗಲ್ಲ."

ನೋರೀನ್‌ಗೂ ಅದು ಗೊತ್ತಿತ್ತು. "ಈ ಮನೆಯಿಂದ ನನ್ನನ್ನ ಮಲಗಿಸಿಕೊಂಡೇ ಆಚೆ ಒಯ್ಯಬೇಕು, ಕೂರಿಸಿಕೊಂಡು ಒಯ್ಯಕೂಡದು" ಎಂದಳು, ಮಳೆ ಬರಬಹುದು ಅನ್ನುವ ಧಾಟಿಯಲ್ಲಿ. ಇಂದುಮತಿ ತಲೆಯಾಡಿಸಿದಳು. ಈ ಮುದುಕಿ ಇಲ್ಲೇ ಇರಲಿ ಎಂದು ಅವಳಿಗೆ ಅನ್ನಿಸಿತು. ಏಳು ತಿಂಗಳಲ್ಲಿ ಅವಳಿಗೆ ಇಂಥದ್ದು ಬೇಕು ಎಂದು ಅನ್ನಿಸಿದ್ದು ಅದೊಂದೇ.

ಆ ಗುರುವಾರ ಬಂತು. ಇಂದುಮತಿ ಬಾಣಲೆ ಕಾಯಿಸಿದಳು. ಮಿನ್ಸ್ ಬಿದ್ದು ಚುರ್ರೆಂದಿತು. ತಳ ಹಿಡಿಯುವ ತನಕ ಕೈಕಟ್ಟಿ ನಿಂತಳು. ಮಗುಚಿ, ಈರುಳ್ಳಿ ಹಾಕಿ, ಕರಿ ಪೌಡರ್ ಉದುರಿಸಿ, ಮೆಣಸು ಕುಟ್ಟಿ ಹಾಕಿದಳು. ಅಕ್ಕಿ, ಒಂದು ಲೋಟ ನೀರು. ಕೊನೆಗೆ ಎಲೆಕೋಸು: ಪಲ್ಯಕ್ಕೆ ಹೆಚ್ಚುವಂತೆ ನೂಲಿನಷ್ಟು ಸಣ್ಣಗಲ್ಲ, ನೋರೀನ್ ಹೇಳಿದಂತೆ ಬೆರಳಗಲ. ಮುಚ್ಚಿಟ್ಟು, ನೀರು ಇಂಗಿದ ಮೇಲೆ ತೆಗೆದಳು. ನೋಡಲು ಚೆನ್ನಾಗಿಯೇ ಇತ್ತು. ರುಚಿ ನೋಡುವ ಮಾತೇ ಇಲ್ಲ. ಇದನ್ನಂತೂ ಪ್ರಾಣ ಹೋದರೂ ನಾಲಿಗೆಗೆ ಇಡುವವಳಲ್ಲ.

ಬಡಿಸಿ, ವಾಡಿಕೆಯಂತೆ ಪಕ್ಕದಲ್ಲಿ ನಿಂತಳು. ಬಡಿಸುವವರು ನಿಂತಿರಬೇಕು, ಆಮೇಲೆ ಉಣ್ಣಬೇಕು.

ನೋರೀನ್ ಎರಡು ಚಮಚ ತಿಂದು ಚಮಚ ಕೆಳಗಿಟ್ಟಳು. "ಅಲ್ಲ ಕಣೇ, ಪೊಲೀಸಿನ ಹಾಗೆ ತಲೆ ಮೇಲೆ ನಿಂತಿದ್ರೆ ಯಾರಿಗೆ ಊಟ ಇಳಿಯತ್ತೆ? ನಿನ್ನ ಡಬ್ಬಿ ತಗೊಂಡು ಬಾ. ಎದುರಿಗೆ ಕೂತ್ಕೋ."

ಗ್ರಾಹಕರ ಮನೆಯ ಮೇಜಿನಲ್ಲಿ, ಅದೂ ಆ ಬಾಣಲೆಯ ಎದುರು, ಇಂದುಮತಿ ಎಂದೂ ಉಂಡವಳಲ್ಲ. ಆದರೆ ಮಧ್ಯಾಹ್ನ ಎರಡಕ್ಕೆ ಚಂಪಾ ಬರುವವಳಿದ್ದಳು. ಕೂತಳು. ಡಬ್ಬಿ ತೆರೆದಳು. ಮೊಸರನ್ನ, ಎಲೆಕೋಸಿನ ಪಲ್ಯ.

"ಘಮ್ ಅಂತಿದೆಯಲ್ಲ, ಏನದು?"

"ಇದೂ ಎಲೆಕೋಸೇ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ."

"ಇಲ್ಲಿ ಕೊಡು ಒಂದಿಷ್ಟು." ಚಮಚ ಮುಂದೆ ಬಂತು. ಇಂದುಮತಿ ಪಲ್ಯ ಹಾಕಿದಳು. ನೋರೀನ್ ನಿಧಾನವಾಗಿ ಅಗಿದಳು. ಮುಖ ಕಿವುಚಿದಳು.

"ಇದರಲ್ಲಿ ಉಪ್ಪೇ ಇಲ್ಲವಲ್ಲೇ!"

ಪಾಪ, ನಾಲಿಗೆ ಇಲ್ಲದವಳು, ಏನು ಹೇಳಿಯಾಳು ಎಂದುಕೊಂಡು ಇಂದುಮತಿ ತನ್ನ ಪಲ್ಯವನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದು ತುತ್ತು ಹಾಕಿಕೊಂಡಳು. ಸಾಸಿವೆ ಸಿಕ್ಕಿತು, ಕಾಯಿತುರಿ ಸಿಕ್ಕಿತು. ಉಪ್ಪಿನ ಸುಳಿವೇ ಇರಲಿಲ್ಲ. ಹುಲ್ಲು ತಿಂದ ಹಾಗಿತ್ತು. ಮೊಸರನ್ನ ನೋಡಿದಳು. ಅದರಲ್ಲೂ ಇಲ್ಲ. ನಿನ್ನೆಯ ಸಾರು? ಮೊನ್ನೆಯ ಉಪ್ಪಿಟ್ಟು? ಎಷ್ಟು ನೆನಪು ಕೆದಕಿದರೂ ತನ್ನ ಕೈ ಉಪ್ಪಿನ ಡಬ್ಬಿಗೆ ಹೋದದ್ದು ಕಾಣಲಿಲ್ಲ. ತಟ್ಟೆಯ ಅಂಚಿಗೆ ಹಾಕಿಕೊಳ್ಳುತ್ತಿದ್ದ ಆ ಚಿಟಿಕೆಯೂ ಎಂದು ನಿಂತಿತೋ.

"ಹಾಗಾದ್ರೆ ನನ್ನ ಬಾಣಲೆಗೆ?" ನೋರೀನ್ ಕೇಳಿದಳು.

ಇಂದುಮತಿ ಫ್ರಿಜ್ಜಿನ ಚೀಟಿಯತ್ತ ತಿರುಗಿದಳು. ಮಿನ್ಸ್, ಎಲೆಕೋಸು, ಈರುಳ್ಳಿ, ಕರಿ ಪೌಡರ್, ಮೆಣಸು, ಅಕ್ಕಿ. ಉಪ್ಪು ಅಂತ ಬರೆದಿರಲಿಲ್ಲ. ಉಪ್ಪನ್ನು ಯಾರಾದರೂ ಬರೆದಿಡುತ್ತಾರೆಯೇ? "ಇಲ್ಲ" ಎಂದಳು. "ಒಂದು ದಿನವೂ ಹಾಕಿಲ್ಲ. ನೀವಾದರೂ ಹೇಳಬಾರದಿತ್ತೇ?"

"ನಾನು ನನ್ನ ನಾಲಿಗೆಯದೇ ತಪ್ಪು ಅಂದ್ಕೊಂಡೆ! ನೀವೆಲ್ಲ ಸೇರಿ ಬದುಕಿರೋ ನಾಲಿಗೆಗೆ ತಿಥಿ ಮಾಡಿ ಮುಗಿಸಿದ್ರಲ್ಲೇ!"

ಇಂದುಮತಿ ಕುರ್ಚಿ ಹತ್ತಿ ಮೇಲಿನ ಕಪಾಟಿನಿಂದ ಉಪ್ಪಿನ ಡಬ್ಬಿ ಇಳಿಸಿದಳು. ಒಲೆ ಹಚ್ಚಿ, ಒಂದು ಚೂರು ನೀರು ಚಿಮುಕಿಸಿ, ಬಾಣಲೆಗೆ ಉಪ್ಪು ಹಾಕಿ ಮಗುಚಿದಳು. ಕೈಗೆ ಅಳತೆ ಮರೆತಿರಲಿಲ್ಲ. ನೋರೀನ್ ಒಂದು ಚಮಚ ತಿಂದಳು, ಇನ್ನೊಂದು ತಿಂದಳು. ತಟ್ಟೆ ಖಾಲಿಯಾಗುವ ತನಕ ತಲೆಯೆತ್ತಲಿಲ್ಲ. ಆಮೇಲೆ ತಟ್ಟೆಯನ್ನು ಮುಂದಕ್ಕೆ ನೂಕಿ, "ಇನ್ನೂ ಇದೆಯಾ?" ಎಂದಳು.

ಎರಡಕ್ಕೆ ಚಂಪಾ ಬಂದು ತೂಕ ನೋಡಿದಳು. ಮೂವತ್ತೊಂಬತ್ತು ಮುಕ್ಕಾಲು. ಒಂದು ಊಟಕ್ಕೆ ಮೈ ಬರುವುದುಂಟೇ? ಇಂದುಮತಿಯ ಎದೆ ಧಸಕ್ಕೆಂದಿತು. ಅದೂ ಎಷ್ಟೋ ತಿಂಗಳಿನ ಮೇಲೆ. ಚಂಪಾ ಬಳಿದಿಟ್ಟ ಬಾಣಲೆ ನೋಡಿದಳು, ತಟ್ಟೆ ನೋಡಿದಳು, ನೋರೀನಳ ಗಲ್ಲಕ್ಕೆ ಅಂಟಿದ್ದ ಎಲೆಕೋಸು ನೋಡಿದಳು. "ಇಷ್ಟೂ ಇವರೇ ತಿಂದ್ರಾ ಆಂಟಿ?" ಎಂದು ಕೇಳಿ, ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಫೈಲಿನಲ್ಲಿ ನಾಲಿಗೆಯ ಸಾಲನ್ನು ಹೊಡೆದುಹಾಕಿದಳು. "ಊಟ ಸೇರುತ್ತಿದೆ. ಒಂದು ತಿಂಗಳು ಬಿಟ್ಟು ನೋಡುವುದು" ಎಂದು ಬರೆದಳು. "ಇನ್ನು ದಿನಾ ನೀವೇ ಬನ್ನಿ ಆಂಟಿ. ಉಪ್ಪು ಮರೀಬೇಡಿ ಮತ್ತೆ."

ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದಾಗ ಪೂರ್ವಿಯ ಫೋನ್ ಬಂತು.

"ಅಮ್ಮಾ, ಊಟ ಆಯ್ತಾ? ಆರ್ ಯು ಓಕೆ?"

ಎಂದಿನ "ಆಯ್ತು ಪುಟ್ಟಿ" ಬಾಯಿಗೆ ಬರಲಿಲ್ಲ. "ಪೂರ್ವಿ, ನಾನು ಉಪ್ಪೇ ಹಾಕಿಲ್ಲ ಕಣೇ."

"ವಾಟ್? ಯಾವುದಕ್ಕೆ?"

"ಯಾವುದಕ್ಕೂ. ಫೆಬ್ರವರಿಯಿಂದ ಒಂದು ದಿನವೂ ಹಾಕಿಲ್ಲ. ನಂಗೆ ಗೊತ್ತೇ ಆಗ್ಲಿಲ್ಲ."

ಪಥ್ಯದ ಪಟ್ಟಿ ಬರೆದು ಅಂಟಿಸಿದವಳೇ ಪೂರ್ವಿ. ಸದಾ ಅರ್ಧ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ ಮೆಲ್ಲಗೆ ಕನ್ನಡದಲ್ಲಿ ಕೇಳಿದಳು, "ಅಪ್ಪಂಗೇ ಮಾಡ್ತಿದ್ದೆ ಅಲ್ವಾಮ್ಮಾ, ಇಷ್ಟು ದಿನ?"

"ಹೂಂ ಕಣೇ" ಎಂದಳು ಇಂದುಮತಿ. "ಅವ್ರಿಗೇ ಮಾಡ್ತಿದ್ದೆ."

ಅಷ್ಟು ಹೇಳಿದ್ದೇ ತಡ, ಹಗಲು ಹೊತ್ತಿನಲ್ಲಿ, ದಾರಿಯಲ್ಲಿ ಹೋಗುವವರ ಎದುರಿಗೇ ಅವಳು ಗೊಳೋ ಎಂದು ಅತ್ತಳು. ಬಸ್ಸು ಬಂದು ನಿಂತಿತು. ಡ್ರೈವರ್ ಬಾಗಿಲು ತೆರೆದು ಕಾದ. ಇಂದುಮತಿ ನೀವು ಹೊರಡಿ ಎಂದು ಕೈಸನ್ನೆ ಮಾಡಿದಳು; ಅಳುವುದು ಇನ್ನೂ ಮುಗಿದಿರಲಿಲ್ಲ.